ಕ್ಲಿಪ್ಪು, ಕರದಂಟು, ಒಂದು ಚೂರು ಮೇಣ

(ಇಳಕಲ್ಲಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ದತ್ತಿ ಉಪನ್ಯಾಸವೆಂದರೆ ನಮ್ಮ ಕಡೆ ಒಂದೋ ವಚನ, ಇಲ್ಲವೇ ಶಾಸನ. ಅತ್ತ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ, ಇತ್ತ ವಚನಗಳ ಕೂಡಲಸಂಗಮ ಇಷ್ಟು ಹತ್ತಿರ ಇರುವಾಗ ಹಲ್ಲಿನ ಕ್ಲಿಪ್ಪಿನಿಂದಾಗುವ ಬಾಯಿಹುಣ್ಣಿನ ಬಗ್ಗೆ ಮಾತಾಡಲು ಒಬ್ಬ ಹಲ್ಲಿನ ಡಾಕ್ಟರನ್ನು ಕರೆದಿದ್ದಾರಲ್ಲ ಎಂದು ಆಮಂತ್ರಣ ಪತ್ರಿಕೆ ನೋಡಿ ಕೆಲವರಾದರೂ ನಕ್ಕಿರಬೇಕು. ನಾನೂ ನಕ್ಕೆ. ಆಮೇಲೆ ದತ್ತಿ ಇಟ್ಟ ಹಿರಿಯರು ಫೋನಿನಲ್ಲಿ ಆಡಿದ ಮಾತು ಕೇಳಿ ಒಪ್ಪಿಕೊಂಡೆ. “ಡಾಕ್ಟರ್ರ, ನಮ್ಮ ಮೊಮ್ಮಗಳು ಕ್ಲಿಪ್ ಹಾಕಿಸ್ಕೊಂಡು ಎಂಟು ದಿನ ಆತು, ನೆಟ್ಟಗ ಉಂಡಿಲ್ಲ. ಯಾರನ್ನ ಕೇಳಿದ್ರೂ ಉಷ್ಣ ಆಗೇತಿ ಅಂತಾರ. ಆ ಉಷ್ಣ ಅಂದ್ರ ಏನು ಅನ್ನೋದನ್ನಷ್ಟ ಬಂದು ಬಿಡಿಸಿ ಹೇಳ್ರಿ.”

ಹಾಗಾಗಿ ಇವತ್ತು ನನ್ನ ಕೆಲಸ ಆ ಒಂದು ಶಬ್ದವನ್ನು ಬಿಡಿಸುವುದು.

ನಮ್ಮ ಮನೆಗಳಲ್ಲಿ ಬಾಯಿಯಲ್ಲಿ ಹುಣ್ಣಾದರೆ ಮೊದಲ ತೀರ್ಪು ಉಷ್ಣವೇ. ಅಜ್ಜಿ ಗಸಗಸೆ, ಕೊಬ್ಬರಿ ಅಗಿಯಲು ಕೊಡುತ್ತಾಳೆ, ಅವ್ವ ಎಳನೀರು ತರಿಸುತ್ತಾಳೆ, ಕಾಕಾ ಮೆಡಿಕಲ್ ಶಾಪಿನಿಂದ ಬಿ ಕಾಂಪ್ಲೆಕ್ಸ್ ಗುಳಿಗೆ ತರುತ್ತಾನೆ. ಇವ್ಯಾವುದನ್ನೂ ನಾನು ಹೀಗಳೆಯುವುದಿಲ್ಲ. ಆದರೆ ಕ್ಲಿಪ್ ಹಾಕಿದ ಬಾಯಿಗೆ ಇದೆಲ್ಲ ಆದಮೇಲೆ ಒಂದು ಕೆಲಸ ಉಳಿದೇ ಇರುತ್ತದೆ: ಟಾರ್ಚ್ ಹಿಡಿದು ಬಾಯೊಳಗೆ ನೋಡುವುದು. ಹುನಗುಂದದ ಕಡೆಯ ಒಂದು ಹುಡುಗಿಯನ್ನು ಹೀಗೇ ಕರೆತಂದಿದ್ದರು. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಿತ್ತು, ಎಡಗೆನ್ನೆ ಊದಿತ್ತು, ಬರೇ ಗಂಜಿಯ ಮೇಲಿದ್ದಳು. ಬಾಯಿ ತೆಗೆಸಿ ನೋಡಿದರೆ ಕೊನೆಯ ದವಡೆಹಲ್ಲಿನ ಹಿಂದೆ ತಂತಿಯ ತುದಿ ಜೋಳದ ಕಾಳಿನಷ್ಟು ಹೊರಗೆ ಚಾಚಿ ಕೆನ್ನೆಗೆ ಚುಚ್ಚಿಕೊಂಡು ಕೂತಿತ್ತು. ಕತ್ತರಿಸಲು ಅರ್ಧ ನಿಮಿಷ ಹಿಡಿಯಿತು. ಹುಡುಗಿ ಕುರ್ಚಿಯಿಂದ ಇಳಿದು ನಾಲಿಗೆಯಿಂದ ಆ ಜಾಗ ಸವರಿ ನೋಡಿಕೊಂಡಳು. ಅವಳ ಅಜ್ಜಿ ಕೇಳಿದರು: “ಇಷ್ಟೇನ?”

ಇಷ್ಟೇ. ಆದರೆ ಆ ‘ಇಷ್ಟೇ’ ಯಾಕೆ ಆಗುತ್ತದೆ ಎಂಬುದು ತಿಳಿದಿರಬೇಕು.

ಕ್ಲಿಪ್ ಎಂದು ನಾವು ಕರೆಯುವುದರಲ್ಲಿ ಮೂರು ಸಾಮಾನುಗಳಿವೆ. ಹಲ್ಲಿಗೆ ಅಂಟಿಸಿದ ಪುಟ್ಟ ಗುಂಡಿಯಂಥದ್ದು ಬ್ರಾಕೆಟ್. ಅವುಗಳ ಮೂಲಕ ಹಾದು ಹೋಗುವುದು ತಂತಿ. ತಂತಿಯನ್ನು ಬ್ರಾಕೆಟ್ಟಿಗೆ ಬಿಗಿಯುವುದು ಸಣ್ಣ ರಬ್ಬರ್ ಬಳೆ, ಇಲ್ಲವೇ ಕೂದಲೆಳೆಯಂಥ ಇನ್ನೊಂದು ತಂತಿ. ಇಳಕಲ್ಲಿನವರಿಗೆ ಇದನ್ನು ವಿವರಿಸುವುದು ಬಹಳ ಸುಲಭ. ಸೀರೆಯ ಮೈಯ ಎಳೆಗೂ ಸೆರಗಿನ ಎಳೆಗೂ ನೇಕಾರರು ಕೊಂಡಿ ಹಾಕಿ ಕೂಡಿಸುತ್ತಾರಲ್ಲ, ಆ ಕೊಂಡಿ ಸರಿಯಾಗಿ ಕೂತಿದೆಯೇ ಎಂದು ಬೆರಳಾಡಿಸಿ ನೋಡುವ ಚಾಳಿ ಅವರಿಗಿರುತ್ತದೆ. ನಮಗೂ ಅದೇ ಚಾಳಿ ಇರಬೇಕು. ಬಿಗಿದ ತಂತಿಯ ತುದಿಯನ್ನು ಮಡಚಿ ಒಳಗೆ ಸೇರಿಸಿ, ಮೇಲೆ ಬೆರಳು ಸವರಿ, ಚುಚ್ಚುವುದಿಲ್ಲ ಎಂದು ಖಾತ್ರಿಯಾದ ಮೇಲೇ ರೋಗಿಯನ್ನು ಎಬ್ಬಿಸಬೇಕು. ಗಡಿಬಿಡಿಯ ದಿನ ಇದು ತಪ್ಪುತ್ತದೆ. ನನ್ನ ಕೈಯಿಂದಲೂ ತಪ್ಪಿದೆ.

ಇನ್ನು ಬಾಯಿಯ ಒಳಮೈ. ಇಡೀ ಬಾಯಿಗೆ ಒಂದೇ ಬಗೆಯ ಚರ್ಮವಿಲ್ಲ. ಹಲ್ಲಿನ ಸುತ್ತಲ ಒಸಡು ಮತ್ತು ಗಟ್ಟಿ ಅಂಗುಳ ರೊಟ್ಟಿಯ ತಿಕ್ಕಾಟ ತಡೆಯುವಂತೆ ಬಿರುಸಾಗಿ ತಯಾರಾಗಿವೆ. ಕೆನ್ನೆ ಮತ್ತು ತುಟಿಯ ಒಳಭಾಗ, ನಾಲಿಗೆಯ ಅಂಚು ಹಾಗಿಲ್ಲ. ಅವು ತೇವವಾಗಿ, ಮೆತ್ತಗೆ ಇರುತ್ತವೆ. ಬ್ರಾಕೆಟ್ಟು ಎದುರಾಗುವುದು ಈ ಮೆತ್ತನೆಯ ಭಾಗಕ್ಕೇ. ಮಾತಾಡಿದಾಗ, ನಕ್ಕಾಗ, ನಿದ್ದೆಯಲ್ಲಿ ಮಗ್ಗುಲಾದಾಗ ಉಜ್ಜುತ್ತಲೇ ಇರುತ್ತದೆ. ಹೊಸ ಚಪ್ಪಲಿ ಕಾಲು ಕಚ್ಚುವ ಹಾಗೆ. ಮೊದಲ ಒಂದೆರಡು ವಾರ ಈ ಕಾಟ ಹೆಚ್ಚು, ಆಮೇಲೆ ಆ ಚರ್ಮ ತಾನಾಗಿ ಒಗ್ಗಿಕೊಳ್ಳುತ್ತದೆ. ತಾಗುವ ಚೂಪನ್ನು ತೆಗೆದರೆ ಇಂಥ ಗಾಯ ಸಾಮಾನ್ಯವಾಗಿ ಏಳರಿಂದ ಹತ್ತು ದಿನದಲ್ಲಿ ಮಾಯುತ್ತದೆ. ಬಾಯಿಯ ಗಾಯ ಮೈಮೇಲಿನ ಗಾಯಕ್ಕಿಂತ ಬೇಗ ಕೂಡಿಕೊಳ್ಳುತ್ತದೆ, ಅದರಲ್ಲಿ ಜೊಲ್ಲಿನ ಪಾಲೂ ದೊಡ್ಡದು.

ಇಲ್ಲಿ ಉಷ್ಣದ ಪರವಾಗಿಯೂ ಒಂದು ಮಾತು ಆಡಿಬಿಡುತ್ತೇನೆ. ಮಕ್ಕಳಿಗೆ ಕ್ಲಿಪ್ ಹಾಕಿಸುವುದು ಬಹುತೇಕ ಬೇಸಿಗೆ ಸೂಟಿಯಲ್ಲಿ. ಬಾಗಲಕೋಟೆಯ ಏಪ್ರಿಲ್, ಮೇ ಬಿಸಿಲು ನಿಮಗೆ ಹೇಳಬೇಕಿಲ್ಲ. ನೀರು ಕಡಿಮೆ ಕುಡಿದರೆ ಬಾಯಿ ಒಣಗುತ್ತದೆ, ಒಣಗಿದ ಕೆನ್ನೆಗೆ ಬ್ರಾಕೆಟ್ಟು ಇನ್ನಷ್ಟು ತರಚುತ್ತದೆ. ಅಜ್ಜಿ ಎಳನೀರು ಕುಡಿಸಿದ್ದು ಆ ಮಟ್ಟಿಗೆ ಸರಿಯೇ. ತಂತಿಯ ತುದಿ ಮಾತ್ರ ಎಳನೀರಿಗೆ ಬಗ್ಗುವುದಿಲ್ಲ.

ಎಲ್ಲ ಹುಣ್ಣೂ ತಂತಿಯದ್ದೇ ಅಲ್ಲ ಎಂಬುದನ್ನೂ ಹೇಳಬೇಕು. ತಂತಿ ಚುಚ್ಚಿದ ಗಾಯ ಅದರ ಎದುರಿಗೇ ಇರುತ್ತದೆ, ಅಂಚು ಸೊಟ್ಟಪಟ್ಟ. ಇನ್ನೊಂದು ಬಗೆ ದುಂಡಗೆ, ನಡುವೆ ಹಳದಿ ಬಿಳುಪು, ಸುತ್ತ ಕೆಂಪು ಉಂಗುರ. ಅದು ತಂತಿ ಇಲ್ಲದ ಕಡೆಯೂ ಏಳುತ್ತದೆ, ಹೋಗುತ್ತದೆ, ತಿಂಗಳು ಬಿಟ್ಟು ಮತ್ತೆ ಬರುತ್ತದೆ. ಅದು ಮೊದಲಿನಿಂದಲೂ ಕೆಲವರ ಮೈಗುಣ. ಅಂಥವರಿಗೆ ಸಣ್ಣ ತರಚುಗಾಯವೂ ಹೊಸ ಹುಣ್ಣಿಗೆ ದಾರಿ ಮಾಡುತ್ತದೆ, ಪರೀಕ್ಷೆಯ ಆತಂಕವೂ ಸಾಕು. ಇವರಲ್ಲಿ ಕೆಲವರಿಗೆ ರಕ್ತ ಪರೀಕ್ಷೆ ಮಾಡಿಸಿದರೆ ಕಬ್ಬಿಣಾಂಶ, ಫೋಲೇಟ್, ಇಲ್ಲವೇ ಬಿ12 ಕಡಿಮೆ ಸಿಗುತ್ತದೆ. ಬಿ12 ಕಾಳುಕಡ್ಡಿಯಲ್ಲಿ ಇಲ್ಲ. ಮಾಂಸ ತಿನ್ನದ ಮನೆಗಳಲ್ಲಿ ಹಾಲು, ಮೊಸರೇ ಅದರ ಆಸರೆ. ಕಾಕಾ ತಂದ ಗುಳಿಗೆ ಒಮ್ಮೊಮ್ಮೆ ಕೆಲಸ ಮಾಡುವುದು ಇದಕ್ಕೇ. ಆದರೆ ಕೊರತೆ ಇದೆಯೋ ಇಲ್ಲವೋ ನೋಡದೆ ವರ್ಷಗಟ್ಟಲೆ ನುಂಗುವುದು ಬುದ್ಧಿವಂತಿಕೆಯಲ್ಲ. ಹಲ್ಲುಜ್ಜುವ ಪೇಸ್ಟಿನಲ್ಲಿ ನೊರೆ ಬರಿಸುವ ಸೋಡಿಯಂ ಲಾರಿಲ್ ಸಲ್ಫೇಟ್ ಕೂಡ ಕೆಲವರ ಬಾಯಿಗೆ ಆಗದು. ಪೇಸ್ಟ್ ಬದಲಿಸಿ ನೋಡಲು ಖರ್ಚೇನೂ ಇಲ್ಲ.

ಈಗ ನಮ್ಮ ನೆಲದ ನೀರಿಗೆ ಬರುತ್ತೇನೆ. ಈ ವಿಷಯವನ್ನು ಇಲ್ಲಿಯೇ ಮಾತಾಡಬೇಕು ಎಂದು ನನಗೆ ಅನಿಸಿದ್ದು ಈ ಕಾರಣಕ್ಕೂ.

ಹುನಗುಂದ, ಇಳಕಲ್ಲ ಸುತ್ತಿನ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚೆಂಬುದು ಹೊಸ ಸುದ್ದಿಯಲ್ಲ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಮಿತಿ, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ನಡೆಯುತ್ತದೆ. ಅದಕ್ಕೂ ಮೀರಿದ ನೀರನ್ನು ಮಕ್ಕಳು ಹಲ್ಲಿನ ಹೊರಪದರ ಕಟ್ಟಿಕೊಳ್ಳುವ ವಯಸ್ಸಿನಲ್ಲಿ, ಎಂದರೆ ಸುಮಾರು ಎಂಟು ವರ್ಷದೊಳಗೆ, ಕುಡಿಯುತ್ತ ಬಂದರೆ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಪಟ್ಟೆ, ಹೆಚ್ಚಾದರೆ ಕಂದು ಕಲೆ. ನಮ್ಮಲ್ಲಿ ಎಷ್ಟೋ ಮಂದಿ ಆ ಕಲೆಗೆ ಹೆದರಿ ಬಾಯಿ ಮುಚ್ಚಿ ನಗುತ್ತಾರೆ. ಇದು ಎಲ್ಲರಿಗೂ ಕಾಣುವ ತೊಂದರೆ. ಕಾಣದ ತೊಂದರೆ ಇನ್ನೊಂದಿದೆ.

1955ರಲ್ಲಿ ಅಮೆರಿಕದ ಮೈಕೆಲ್ ಬುವೊನೊಕೋರ್ ಎಂಬ ದಂತವಿಜ್ಞಾನಿ ಹಲ್ಲಿನ ಮೇಲ್ಮೈಗೆ ಫಾಸ್ಫಾರಿಕ್ ಆಮ್ಲ ಸವರಿದರೆ ಅಂಟು ಗಟ್ಟಿಯಾಗಿ ಹಿಡಿಯುತ್ತದೆ ಎಂದು ತೋರಿಸಿದ. ಗೋಡೆಗೆ ಗಿಲಾವು ಮಾಡುವ ಮುನ್ನ ಗಾರೆಯವರು ಮೇಲ್ಮೈಯನ್ನು ಕೆತ್ತಿ ಒರಟು ಮಾಡುವುದಿಲ್ಲವೇ, ಅದೇ ಲೆಕ್ಕ. ಅದಕ್ಕೂ ಮೊದಲು ಒಂದೊಂದು ಹಲ್ಲಿಗೂ ಲೋಹದ ಪಟ್ಟಿಯನ್ನು ಬಳೆಯಂತೆ ತೊಡಿಸುತ್ತಿದ್ದರು, ಅದರ ಅಂಚು ಒಸಡನ್ನು ಒತ್ತುತ್ತಿತ್ತು. ಅಂಟು ಬಂದ ಮೇಲೆ ಆ ಬಳೆಗಳು ಹಿಂದಿನ ದವಡೆಹಲ್ಲಿಗಷ್ಟೇ ಉಳಿದವು. ಆದರೆ ಫ್ಲೋರೈಡ್ ಹೆಚ್ಚಾಗಿ ಸೇರಿದ ಹಲ್ಲಿನ ಹೊರಪದರ ಈ ಆಮ್ಲಕ್ಕೆ ಸುಲಭವಾಗಿ ಜಗ್ಗುವುದಿಲ್ಲ. ಅಂಟು ಮೇಲೆ ಮೇಲೆ ಕೂರುತ್ತದೆ, ಒಂದು ಗಟ್ಟಿ ತುತ್ತಿಗೆ ಬ್ರಾಕೆಟ್ಟು ಕಳಚುತ್ತದೆ. ಕಳಚಿದ್ದು ತಂತಿಯ ಮೇಲೆ ತಿರುಗುತ್ತ ತುಟಿ ತರಚುತ್ತದೆ, ಹಿಡಿತ ತಪ್ಪಿದ ತಂತಿ ಜರುಗಿ ಹಿಂದಿನಿಂದ ಕೆನ್ನೆಗೆ ಹೊರಡುತ್ತದೆ. ಕೊಳವೆಬಾವಿಯ ನೀರಿಗೂ ಹುಡುಗಿಯ ಕೆನ್ನೆಯ ಹುಣ್ಣಿಗೂ ಇರುವ ನಂಟು ಇದು.

ಹೀಗಾಗಿ ಕಂದು ಕಲೆಯ ಹಲ್ಲಿನವರು ಚಿಕಿತ್ಸೆಗೆ ಕೂತ ಮೊದಲ ದಿನವೇ ತಾವು ಬೆಳೆದ ಊರು, ಕುಡಿದ ನೀರು ಯಾವುದೆಂದು ಡಾಕ್ಟರಿಗೆ ಹೇಳಬೇಕು. ಹೊರಪದರವನ್ನು ತುಸು ಉಜ್ಜಿ ತೆಗೆಯುವುದು, ಆಮ್ಲವನ್ನು ಇನ್ನಷ್ಟು ಹೊತ್ತು ಬಿಡುವುದು, ಹಿಡಿತ ಹೆಚ್ಚಿಸುವ ಬೇರೆ ಅಂಟು ಬಳಸುವುದು, ಹೀಗೆ ನಮ್ಮಲ್ಲಿ ಉಪಾಯಗಳಿವೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅವರಿಗೆ ಶುದ್ಧ ನೀರಿನ ಘಟಕದ ಕ್ಯಾನಿನ ನೀರೇ ಇರಲಿ. ದೊಡ್ಡವರ ಹಲ್ಲಿನ ಕಲೆ ಈಗ ಅದರಿಂದ ಹೋಗದು, ಆದರೆ ಕೂಸಿನ ಹಲ್ಲು ಇನ್ನೂ ಕಟ್ಟುತ್ತಿದೆ.

ಗಟ್ಟಿ ತುತ್ತು ಎಂದೆ. ಹೆಸರು ಹೇಳಿಯೇ ಬಿಡೋಣ.

ಅಮೀನಗಡದ ಕರದಂಟು ನೂರು ವರ್ಷ ದಾಟಿದ ತಿನಿಸು. ಹೆಸರಲ್ಲೇ ಇದೆ ಗುಟ್ಟು: ಕರಿದ ಅಂಟು. ಬೆಲ್ಲದ ಪಾಕ, ಕೊಬ್ಬರಿ, ಒಣಹಣ್ಣು, ಅಂಟು ಸೇರಿದ ಆ ಬಿಲ್ಲೆಯ ಮುಂದೆ ನಮ್ಮ ಅಂಟು ಯಾವ ಲೆಕ್ಕ! ಅದು ಬ್ರಾಕೆಟ್ಟನ್ನು ಎಳೆದುಕೊಂಡು ಬರುತ್ತದೆ, ಬೆಲ್ಲ ಉಳಿದಲ್ಲಿ ಹುಳುಕು ಹಿಡಿಸುತ್ತದೆ. ಬಾಣಂತಿಗೆ ಒಳ್ಳೆಯದು, ಕ್ಲಿಪ್ಪಿನವರಿಗೆ ಒಂದೂವರೆ ಎರಡು ವರ್ಷ ಬೇಡ. ಕಬ್ಬು ಸಿಗಿದು ತಿನ್ನುವುದೂ ಬೇಡ, ಕಬ್ಬಿನ ಹಾಲು ಕುಡಿಯಲಿ. ಕಡಕ್ ರೊಟ್ಟಿ ಒಣಗಿದ್ದಾಗ ಬ್ರಾಕೆಟ್ಟಿಗೂ ಆಗದು, ಅದರ ಚೂಪು ಅಂಚು ಮಾಯುತ್ತಿರುವ ಹುಣ್ಣಿಗೂ ಆಗದು. ಹಾಗೆಂದು ಮಗುವನ್ನು ಬ್ರೆಡ್ಡು, ಬಿಸ್ಕೀಟಿನ ಮೇಲೆ ಇಡುವ ತಾಯಂದಿರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹಂಚಿನಿಂದ ಇಳಿದ ಬಿಸಿ ಜೋಳದ ರೊಟ್ಟಿ ಮೆತ್ತಗಿರುತ್ತದೆ, ಅದನ್ನು ಮುರಿದು ಬೇಳೆಯಲ್ಲಿ ನೆನೆಸಿಕೊಡಿ. ಜೋಳದ ನುಚ್ಚಿಗೆ ಮಜ್ಜಿಗೆ ಹಾಕಿ ಕೊಡಿ. ಗೋಧಿ ಹುಗ್ಗಿ ಇದೆ. ನಮ್ಮ ಊಟದಲ್ಲಿ ಕ್ಲಿಪ್ಪಿಗೆ ಹೊಂದುವುದು ಹೇರಳವಾಗಿದೆ.

ಬಾದಾಮಿಯ ಬನಶಂಕರಿಗೆ ಹೋದವರು ಗುಡಿಯ ಹತ್ತಿರ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ತರುವ ರೊಟ್ಟಿ, ಕೆಂಪು ಚಟ್ನಿ, ಗಡಿಗೆ ಮೊಸರು ತಿನ್ನದೆ ಬರುವುದುಂಟೆ? ಕ್ಲಿಪ್ ಹಾಕಿದ ಮಗು ಜೊತೆಗಿದ್ದರೆ ಮೊಸರು ಅದಕ್ಕೆ ಕೊಡಿ, ಕೆಂಪು ಚಟ್ನಿ ನೀವು ತಿನ್ನಿ. ಮೆಣಸಿನಕಾಯಿ ಹುಣ್ಣನ್ನು ಹುಟ್ಟಿಸುವುದಿಲ್ಲ. ಇದ್ದ ಹುಣ್ಣನ್ನು ಮಾತ್ರ ಧಗಧಗ ಉರಿಸುತ್ತದೆ.

ಅದೇ ಬನಶಂಕರಿ ಜಾತ್ರೆಯಿಂದ ನನಗೊಂದು ರೋಗಪರೀಕ್ಷೆ ಸಿಕ್ಕಿದೆ. ಹೆಣ್ಣುಮಕ್ಕಳಿಗೆ ಕ್ಲಿಪ್ ಹಾಕುವ ಮುನ್ನ ನಾನು ಕೇಳುವ ಪ್ರಶ್ನೆ: “ಜಾತ್ರ್ಯಾಗಿನ ವಾಲಿ ಹಾಕ್ಕೊಂಡ್ರ ಕಿವಿ ತುರಿಸ್ತದೇನವಾ?” ಹೌದೆಂದರೆ ನಿಕ್ಕಲ್ ಲೋಹ ಅವಳಿಗೆ ಒಗ್ಗದಿರಬಹುದು. ಅಗ್ಗದ ಆಭರಣದಲ್ಲಿ ಅದು ಧಾರಾಳ. ಬ್ರಾಕೆಟ್ಟಿನ ಸ್ಟೀಲಿನಲ್ಲಿ ನೂರಕ್ಕೆ ಎಂಟರಷ್ಟಿರುತ್ತದೆ. ಚಿಕಿತ್ಸೆಯ ಮೊದಲ ತಿಂಗಳುಗಳಲ್ಲಿ ಹಾಕುವ ನಿಕ್ಕಲ್ ಟೈಟೇನಿಯಂ ತಂತಿಯಲ್ಲಂತೂ ಅರ್ಧಕ್ಕರ್ಧ. ಒಗ್ಗದವರಲ್ಲಿಯೂ ಎಲ್ಲರ ಬಾಯಿ ಕೆರಳುವುದಿಲ್ಲ, ಬಾಯಿಯ ಒಳಮೈ ಕಿವಿಗಿಂತ ಸಹನೆಯುಳ್ಳದ್ದು. ಕೆರಳಿದರೆ ಒಂದು ಜಾಗದಲ್ಲಿ ಹುಣ್ಣಾಗುವ ಬದಲು ಉರಿ, ಕೆಂಪು, ತುಟಿಯಂಚಿನ ಬಿರುಕು ಹೀಗೆ ಹರಡಿಕೊಂಡು ಕಾಣುತ್ತದೆ. ಆಗ ನಿಕ್ಕಲ್ ಇಲ್ಲದ ತಂತಿ, ಪಿಂಗಾಣಿ ಬ್ರಾಕೆಟ್ ಇವೆ, ಪಾರದರ್ಶಕ ಪ್ಲಾಸ್ಟಿಕ್ ತಟ್ಟೆಗಳೂ ಇವೆ. ದುಬಾರಿ, ಅಷ್ಟೇ.

ಒಸಡಿನ ಮಾತು. ತಂತಿಯ ಸುತ್ತ ಅನ್ನ, ರೊಟ್ಟಿಯ ಪುಡಿ ಕೂತು ಬಿಳಿ ಲೋಳೆ ಕಟ್ಟುತ್ತದೆ. ಹರೆಯದ ಹಾರ್ಮೋನುಗಳು ಅದಕ್ಕೆ ಕೂಡಿದರೆ ಹಲ್ಲುಗಳ ನಡುವಿನ ಒಸಡು ಉಬ್ಬಿ ಬ್ರಾಕೆಟ್ಟಿನ ಮೇಲೆಯೇ ಬರುತ್ತದೆ. ಮುಟ್ಟಿದರೆ ರಕ್ತ. ರಕ್ತ ಬರುತ್ತದೆಂದು ಮಗು ಉಜ್ಜುವುದನ್ನೇ ಬಿಡುತ್ತದೆ, ಉಜ್ಜದಿದ್ದರೆ ಇನ್ನೂ ಉಬ್ಬುತ್ತದೆ. ಮೆತ್ತನೆಯ ಬ್ರಷ್ಷು, ತಂತಿಯ ಕೆಳಗೆ ನುಗ್ಗುವ ಪುಟ್ಟ ಬ್ರಷ್ಷು, ರಾತ್ರಿ ತಪ್ಪದೆ ಐದು ನಿಮಿಷ. ಬೇವಿನ ಕಡ್ಡಿ ಬ್ರಾಕೆಟ್ಟಿನ ಸಂದಿಗೆ ಹೋಗದು. ಬಹುತೇಕ ಉಬ್ಬು ಇಷ್ಟರಿಂದಲೇ ಇಳಿಯುತ್ತದೆ, ಉಳಿದದ್ದು ಕ್ಲಿಪ್ ತೆಗೆದ ಮೇಲೆ. ಆಗಲೂ ಇಳಿಯದ್ದನ್ನು ಕತ್ತರಿಸಿ ಸರಿಮಾಡಬೇಕಾಗುತ್ತದೆ. ಉಜ್ಜದ ಹಲ್ಲಿನ ಮೇಲೆ ಬ್ರಾಕೆಟ್ಟಿನ ಸುತ್ತ ಬಿಳಿ ಚುಕ್ಕೆ ಏಳಲು ಒಂದು ತಿಂಗಳು ಸಾಕು. ಅದು ಹುಳುಕಿನ ಮೊದಲ ಹೆಜ್ಜೆ.

ಒಸಡಿಗೆ ಇನ್ನೊಂದು ಅಪಾಯವೂ ಇದೆ. ಹಲ್ಲಿನ ಸಂದು ಕೂಡಿಸುತ್ತೇನೆಂದು ಮುಂದಿನ ಎರಡು ಹಲ್ಲಿಗೆ ಮನೆಯಲ್ಲೇ ರಬ್ಬರ್ ಬ್ಯಾಂಡ್ ಸುತ್ತುವ ವಿಡಿಯೋಗಳನ್ನು ಮಕ್ಕಳು ಮೊಬೈಲಿನಲ್ಲಿ ನೋಡುತ್ತಿದ್ದಾರೆ. ಹಲ್ಲಿನ ಬೇರು ಕೆಳಗೆ ಹೋದಂತೆ ಸಣ್ಣದಾಗುತ್ತದೆ, ಬ್ಯಾಂಡು ಅದರ ಗುಂಟ ಜಾರಿ ಒಸಡಿನೊಳಗೆ ಮಾಯವಾಗುತ್ತದೆ. ಬಿದ್ದುಹೋಯಿತು ಎಂದುಕೊಂಡಿರುತ್ತಾರೆ. ಅದು ಒಳಗೇ ಎಲುಬನ್ನು ತಿನ್ನುತ್ತ, ಗಟ್ಟಿ ಹಲ್ಲು ಅಲುಗಾಡಿ ಉದುರುವವರೆಗೂ ಕೂತಿರುತ್ತದೆ. ದಯವಿಟ್ಟು ಮಕ್ಕಳ ಮೊಬೈಲು ನೋಡಿ.

ತಂಬಾಕಿನ ಮಾತಿಲ್ಲದೆ ಈ ಊರಿನಲ್ಲಿ ಬಾಯಿಯ ಉಪನ್ಯಾಸ ಮುಗಿಯಬಾರದು. ಇಳಕಲ್ಲಿನ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟು, ಕಾಳುಕಡಿ ಬೇಡದೆ ಜನರ ಚಟಗಳನ್ನು ಬೇಡಿದರು. ಅವರು ಹುಟ್ಟಿದ ದಿನವಾದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ರಾಜ್ಯದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಯಿತು, ಆದರೆ ಅಡಿಕೆ ಚೂರು ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದರಲ್ಲಿ ಸಿಗುತ್ತಲೇ ಇದೆ. ತಂಬಾಕಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುವಂಥದ್ದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಸಾರಿದೆ. ಅಡಿಕೆ ಅಗಿಯುವ ಹುಡುಗರ ಕೆನ್ನೆ ಒಳಗಿನಿಂದ ಬಿಗಿದು, ಖಾರ ತಾಗಿದರೆ ಉರಿದು, ಬಾಯಿ ಮೂರು ಬೆರಳಿನಷ್ಟೂ ತೆರೆಯದಂತಾಗುತ್ತದೆ. ಅಂಥ ಬಾಯಿಯಲ್ಲಿ ಕ್ಲಿಪ್ಪಿನ ಕೆಲಸ ಮಾಡಲು ಕೈಯೇ ಹೋಗದು, ಬಿಗಿದ ಕೆನ್ನೆಗೆ ಬ್ರಾಕೆಟ್ಟು ಇನ್ನಷ್ಟು ಒತ್ತುತ್ತದೆ. ಮನೆಯ ಹಿರಿಯ ಹೆಣ್ಣುಮಕ್ಕಳು ಹಲ್ಲಿಗೆ ತಿಕ್ಕುವ ಮಿಶ್ರಿಯೂ ಸುಟ್ಟ ತಂಬಾಕೇ. ಮೊಮ್ಮಗಳ ಹುಣ್ಣಿಗೆ ಅದನ್ನು ಹಚ್ಚಬೇಡಿ.

ಹುಣ್ಣಿಗೆ ಏನೇನೋ ಹಚ್ಚುವ ರೂಢಿ ನಮ್ಮಲ್ಲಿದೆ. ನೋವಿನ ಗುಳಿಗೆಯನ್ನು ಪುಡಿ ಮಾಡಿ ಕೆನ್ನೆಯಲ್ಲಿಟ್ಟರೆ ಆ ಜಾಗ ಸುಟ್ಟು ಬೆಳ್ಳಗಾಗುತ್ತದೆ, ಲವಂಗದೆಣ್ಣೆಯೂ ಹಾಗೇ. ಮೆಡಿಕಲ್ ಶಾಪಿನಲ್ಲಿ ಸಿಗುವ ಮುಲಾಮುಗಳಲ್ಲಿ ಕೋಲೀನ್ ಸ್ಯಾಲಿಸಿಲೇಟ್ ಎಂಬುದಿದ್ದರೆ ಮಕ್ಕಳಿಗೆ ಹಚ್ಚುವ ಮುನ್ನ ಡಾಕ್ಟರನ್ನು ಕೇಳಿ. ಬ್ರಿಟನ್ನಿನ ಔಷಧ ನಿಯಂತ್ರಕರು 2009ರಲ್ಲಿ 16 ವರ್ಷದೊಳಗಿನವರಿಗೆ ಅದು ಬೇಡವೆಂದಿದ್ದಾರೆ. ಉಗುರುಬೆಚ್ಚಗಿನ ಉಪ್ಪುನೀರಿನಿಂದ ದಿನಕ್ಕೆ ನಾಲ್ಕು ಸಲ ಬಾಯಿ ಮುಕ್ಕಳಿಸುವುದಕ್ಕೆ ಯಾರ ಆಕ್ಷೇಪವೂ ಇಲ್ಲ.

ಕೊನೆಗೆ ಮೇಣ. ಬಾಗಲಕೋಟೆಯಲ್ಲಿ ದಂತ ವೈದ್ಯಕೀಯ ಕಾಲೇಜೇ ಇದೆ, ಅಲ್ಲಿಯವರಿಗೆ ಚಿಂತೆಯಿಲ್ಲ. ಹಳ್ಳಿಯ ಹುಡುಗನಿಗೆ ಶನಿವಾರ ರಾತ್ರಿ ತಂತಿ ಚುಚ್ಚಿದರೆ ಸೋಮವಾರದ ಬಸ್ಸಿನವರೆಗೆ ಏನು ಗತಿ? ಕ್ಲಿಪ್ಪಿನವರಿಗೆಂದೇ ಮೆತ್ತನೆಯ ಮೇಣದ ಪಟ್ಟಿ ಬರುತ್ತದೆ. ಕಡಲೆ ಕಾಳಿನಷ್ಟು ಮುರಿದು, ಬೆರಳಲ್ಲಿ ಉಂಡೆ ಮಾಡಿ, ಚುಚ್ಚುವ ಜಾಗವನ್ನು ಹತ್ತಿಯಿಂದ ಒರೆಸಿ ಒಣಗಿಸಿ, ಮೇಲೆ ಒತ್ತಬೇಕು. ಒದ್ದೆಯಿದ್ದರೆ ಹಿಡಿಯದು. ಊಟಕ್ಕೆ ಮೊದಲು ತೆಗೆದು ಆಮೇಲೆ ಹೊಸದು. ಅಪ್ಪಿತಪ್ಪಿ ನುಂಗಿದರೂ ಅಪಾಯವಿಲ್ಲ. ತೆಳ್ಳನೆಯ ತಂತಿಯ ತುದಿಯನ್ನು ಪೆನ್ಸಿಲ್ಲಿನ ರಬ್ಬರ್ ತಲೆಯಿಂದ ಮೆಲ್ಲಗೆ ಒತ್ತಿ ಹಲ್ಲಿನ ಕಡೆ ಬಗ್ಗಿಸಬಹುದು. ಇಕ್ಕಳ ಹಿಡಿದು ಎಳೆಯಬೇಡಿ. ಕ್ಲಿಪ್ ಹಾಕಿದವರೇ ಮೊದಲ ದಿನ ಮೇಣ ಕೊಟ್ಟು ಹಚ್ಚುವುದನ್ನು ಕಲಿಸಬೇಕು. ಕೊಡದಿದ್ದರೆ ಕೇಳಿ ಪಡೆಯಿರಿ.

ಒಂದು ಗಡುವು ಮಾತ್ರ ಮರೆಯಬೇಡಿ. ತಂತಿ ಸರಿಮಾಡಿದ ಮೇಲೂ ಎರಡು ವಾರದಲ್ಲಿ ಮಾಯದ ಹುಣ್ಣು, ನೋವಿಲ್ಲದೆ ಗಟ್ಟಿಯಾಗುತ್ತಿರುವ ಹುಣ್ಣು, ಅದು ಯಾರ ಬಾಯಿಯಲ್ಲೇ ಇರಲಿ, ಡಾಕ್ಟರ ಕಣ್ಣಿಗೆ ಬೀಳಲೇಬೇಕು. ಇದು ಕ್ಲಿಪ್ ಹಾಕಿದ ಮೊಮ್ಮಗಳಿಗಿಂತ ಹೆಚ್ಚಾಗಿ ಈ ಸಭೆಯಲ್ಲಿ ಎಲೆ, ಅಡಿಕೆ ಹಾಕಿಕೊಂಡು ಕೂತ ಅಜ್ಜಂದಿರಿಗೆ.

ಬಾಗಿಲ ಹತ್ತಿರದ ಮೇಜಿನ ಮೇಲೆ ಮೇಣದ ಸಣ್ಣ ಡಬ್ಬಿಗಳನ್ನು ಇಡಿಸಿದ್ದೇನೆ. ಮನೆಯಲ್ಲಿ ಕ್ಲಿಪ್ ಹಾಕಿದ ಮಕ್ಕಳಿದ್ದವರು ಒಂದೊಂದು ಒಯ್ಯಿರಿ. ಶಾಲೆಯ ಮಾಸ್ತರರು, ಅಕ್ಕೋರು ಎರಡು ಒಯ್ಯಿರಿ, ಒಂದು ಶಾಲೆಯ ಔಷಧ ಪೆಟ್ಟಿಗೆಗೆ.